ಗೋಬಿಯ ಕಾಡುಕತ್ತೆ ಮತ್ತು ಮೂಕಿ ಕ್ಯಾಮೆರಾ

ಮಾನ್ಯರೇ,

ಮೂಕಿ ಚಿತ್ರಗಳ ಕಾಲದಲ್ಲಿ ವನ್ಯಜೀವಿಗಳನ್ನು ಚಿತ್ರೀಕರಿಸಲು ಹೊರಟವರಿಗೆ ಕಾಡಿಗಿಂತ ಮರುಭೂಮಿಯೇ ಅನುಕೂಲವಾಗಿದ್ದಿರಬೇಕೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಅಲ್ಲಿ ಬೆಳಕು ಧಾರಾಳ, ಅಡ್ಡ ಬರುವ ಮರಗಳಿಲ್ಲ. ಆದರೆ ಅಂಥ ಬಯಲಿನಲ್ಲಿ ಕ್ಯಾಮೆರಾ ಹಿಡಿದವನಿಗೂ ಮರೆಯಿಲ್ಲ; ಅವನು ಪ್ರಾಣಿಯನ್ನು ಕಾಣುವ ಮೊದಲೇ ಅದು ಅವನನ್ನು ಕಂಡಿರುತ್ತದೆ. ಇದಕ್ಕಿದ್ದ ಒಂದು ಉಪಾಯವೆಂದರೆ ನೀರಿನ ಬಳಿ ಕಾದು ಕೂರುವುದು. 1912ರಲ್ಲಿ ತೆರೆಕಂಡ ಅಮೆರಿಕದ ಸಿರಿವಂತ ಬೇಟೆಗಾರ ಪಾಲ್ ರೈನಿಯ ಆಫ್ರಿಕಾ ಬೇಟೆಯ ಚಿತ್ರದಲ್ಲಿ ಜನರನ್ನು ಬಹುವಾಗಿ ಸೆಳೆದದ್ದು ನೀರಿನ ಹೊಂಡದ ದೃಶ್ಯಗಳೇ. ಇನ್ನೊಂದು ಉಪಾಯ ಬೆನ್ನಟ್ಟುವುದು. ಇಂದು ನಾನು ಹೇಳಹೊರಟಿರುವುದು ಅದರ ಬಗ್ಗೆ.

ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ತಂಡವು ರಾಯ್ ಚಾಪ್‌ಮನ್ ಆಂಡ್ರೂಸ್ ಅವರ ನೇತೃತ್ವದಲ್ಲಿ 1922ರ ಏಪ್ರಿಲ್‌ನಲ್ಲಿ ಉತ್ತರ ಚೀನಾದ ಕಾಲ್ಗನ್ ಪಟ್ಟಣದಿಂದ ಮಂಗೋಲಿಯಾದ ಗೋಬಿ ಮರುಭೂಮಿಗೆ ಹೊರಟಿತು. ಜನರು ಮೋಟಾರು ಕಾರುಗಳಲ್ಲಿದ್ದರು; ಪೆಟ್ರೋಲು ಹೊತ್ತ ಒಂಟೆಗಳ ಸಾರ್ಥ ಮೊದಲೇ ಮುಂದೆ ಸಾಗಿತ್ತು. ತಂಡದ ಛಾಯಾಗ್ರಾಹಕರು ಜೆ. ಬಿ. ಶ್ಯಾಕಲ್‌ಫರ್ಡ್. ಡೈನೋಸಾರ್ ಮೊಟ್ಟೆಗಳಿಂದ ಮುಂದೆ ಹೆಸರಾದ ಕೆಂಪು ಬಂಡೆಗಳ ಅಂಚಿಗೆ ಆ ವರ್ಷ ಮೊದಲು ನಡೆದುಹೋಗಿ ಅಲ್ಲಿ ಪಳೆಯುಳಿಕೆ ಕಂಡವರೂ ಇವರೇ, ವಿಜ್ಞಾನಿಗಳಲ್ಲ.

ಕಛ್‌ನ ಚಿಕ್ಕ ರಣದಲ್ಲಿರುವ ಕಾಡುಕತ್ತೆಯ ಸೋದರಬಳಗವೇ ಗೋಬಿಯಲ್ಲೂ ಇದೆ. ಅದಕ್ಕೂ ಜಿಂಕೆಯನ್ನು ಹೋಲುವ ಅಲ್ಲಿನ ಗಝೆಲ್‌ಗಳಿಗೂ ಒಂದು ವಿಚಿತ್ರ ಸ್ವಭಾವವಿರುವುದನ್ನು ಆಂಡ್ರೂಸ್ ಗಮನಿಸಿದರು: ಕಾರು ಹತ್ತಿರ ಬಂದಾಗ ಅವು ದೂರ ಸರಿಯುವ ಬದಲು, ಹೇಗಾದರೂ ಅದರ ಮುಂದಿನಿಂದ ದಾಟಿಹೋಗಲು ಹೆಣಗುತ್ತಿದ್ದವು. ಚಾಲಕನು ನೇರವಾಗಿ ಓಡಿಸಿದರೆ ಸಾಕು, ಪ್ರಾಣಿ ತಾನಾಗಿಯೇ ಬಾಗಿ ಬಾಗಿ ಕ್ಯಾಮೆರಾದ ಎದುರಿಗೆ ಬರುತ್ತಿತ್ತು.

ಆದರೂ ಕೆಲಸ ಸುಲಭವಾಗಿರಲಿಲ್ಲ. ಹಳೆಯ ಟ್ರೈಪಾಡಿನಲ್ಲಿ ಕ್ಯಾಮೆರಾವನ್ನು ಎಡಬಲಕ್ಕೆ ಹೊರಳಿಸಲು ಒಂದು ಹಿಡಿಕೆ, ಮೇಲೆ ಕೆಳಗೆ ಮಾಡಲು ಇನ್ನೊಂದು, ಫಿಲ್ಮು ಓಡಿಸಲು ಮತ್ತೊಂದು. ಮನುಷ್ಯನಿಗಿರುವುದು ಎರಡೇ ಕೈ. ಆಫ್ರಿಕಾದಲ್ಲಿ ನಂದಿ ಜನರ ಸಿಂಹಬೇಟೆಯನ್ನು ಸರಿಯಾಗಿ ಸೆರೆಹಿಡಿಯಲಾಗದೆ ಸೋತಿದ್ದ, ಅದೇ ಮ್ಯೂಸಿಯಂನ ಕಾರ್ಲ್ ಏಕ್ಲಿ, ಒಂದೇ ಕೈಯಿಂದ ಎಲ್ಲ ದಿಕ್ಕಿಗೂ ಹೊರಳಿಸಬಹುದಾದ ಕ್ಯಾಮೆರಾವನ್ನು 1910ರ ದಶಕದಲ್ಲಿ ರೂಪಿಸಿದ್ದು ಈ ಕಷ್ಟವನ್ನು ಉಂಡೇ. ಅದರಲ್ಲಿ ಹಿಡಿಸುತ್ತಿದ್ದುದು 200 ಅಡಿ ಫಿಲ್ಮು. ಫಿಲ್ಮು ಓಡಿಸುವ ಹಿಡಿಕೆಯನ್ನು ಸೆಕೆಂಡಿಗೆ ಎರಡು ಸುತ್ತಿನಂತೆ ತಿರುಗಿಸಿದರೆ 16 ಫ್ರೇಮುಗಳು, ಅಂದರೆ ಒಂದು ಅಡಿ. ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಎಲ್ಲವೂ ಮುಗಿಯುತ್ತಿತ್ತು.

ನೆಗೆದಾಡುವ ಕಾರಿನಲ್ಲಿ ಆ ಎರಡು ಸುತ್ತಿನ ಲಯವನ್ನು ಕೈ ಎಷ್ಟರಮಟ್ಟಿಗೆ ಕಾಯ್ದುಕೊಂಡೀತು? ಕೈ ನಿಧಾನವಾದಷ್ಟೂ ತೆರೆಯ ಮೇಲೆ ಕತ್ತೆಯ ಓಟ ಹೆಚ್ಚುತ್ತದೆ. ಕಾಡುಕತ್ತೆಯ ವೇಗ ಗಂಟೆಗೆ ಸುಮಾರು 40 ಮೈಲಿ ಎಂದು ಆಂಡ್ರೂಸ್ ಬರೆದದ್ದು ಕಾರಿನ ವೇಗವನ್ನು ಹಿಡಿದು, ಫಿಲ್ಮನ್ನು ನೋಡಿ ಅಲ್ಲ. ನನ್ನ ದೃಷ್ಟಿಯಲ್ಲಿ ಇಂಥ ತುಣುಕುಗಳು ಮರುಭೂಮಿಯ ಪ್ರಾಣಿಯ ಬದುಕಿನ ದಾಖಲೆಗಿಂತ ಹೆಚ್ಚಾಗಿ, ಮೋಟಾರು ಕಾರನ್ನು ಕಂಡ ಪ್ರಾಣಿಯ ಗಾಬರಿಯ ದಾಖಲೆ. ಆ ಗಾಬರಿಗೆ ಕಾರಣವಾದ ಎಂಜಿನ್ನಿನ ಆರ್ಭಟವೊಂದನ್ನು ಮಾತ್ರ ಮೂಕಿ ಫಿಲ್ಮು ಹಿಡಿಯಲಾರದಾಯಿತು. ಆಂಡ್ರೂಸ್ ಊರೂರಿನ ಸಭಾಂಗಣಗಳಲ್ಲಿ ತೆರೆಯ ಪಕ್ಕ ನಿಂತು ಉಪನ್ಯಾಸ ಮಾಡುವಾಗ, ಆ ಓಟವೆಲ್ಲ ಸದ್ದಿಲ್ಲದೆ ಸಾಗುತ್ತಿತ್ತು. ಕೇಳುತ್ತಿದ್ದುದು ಅವರ ದನಿಯೊಂದೇ.