ಬಾಲ್ಕನಿಯಲ್ಲಿ ಅಸ್ಸಾಂಜ್, ಸ್ವೀಡನ್‌ನಲ್ಲಿ ಇಬ್ಬರು ಮಹಿಳೆಯರು

[ದೃಶ್ಯ: ಲಂಡನ್‌ನ ಕೆಂಪು ಇಟ್ಟಿಗೆ ಕಟ್ಟಡ. ಬಿಳಿ ಬಾಲ್ಕನಿ, ಈಕ್ವೆಡಾರ್ ಬಾವುಟ.]

ನಮಸ್ಕಾರ. ಈ ಬಾಲ್ಕನಿಯನ್ನು ಸ್ವಲ್ಪ ನೋಡಿ. 2012ರ ಆಗಸ್ಟ್ 19, ಭಾನುವಾರ. ಅಮೆರಿಕದ ರಹಸ್ಯ ದಾಖಲೆಗಳನ್ನು ಬಯಲು ಮಾಡಿದ ವಿಕಿಲೀಕ್ಸ್ ಜಾಲತಾಣದ ಸ್ಥಾಪಕ ಜೂಲಿಯನ್ ಅಸ್ಸಾಂಜ್ ಇಲ್ಲಿ ನಿಂತು ಭಾಷಣ ಮಾಡಿದರು. ಕೆಳಗೆ ಬೆಂಬಲಿಗರು, ಕ್ಯಾಮೆರಾಗಳು, ಸಾಲಾಗಿ ಪೊಲೀಸರು. ಬಾಲ್ಕನಿಗೂ ಪೊಲೀಸರಿಗೂ ಕೆಲವೇ ಅಡಿ ಅಂತರ. ಅಷ್ಟು ಇಳಿದರೆ ಬಂಧನ. ಮೇಲೇ ನಿಂತರೆ ಯಾರೂ ಮುಟ್ಟುವ ಹಾಗಿಲ್ಲ, ಯಾಕಂದ್ರೆ ಅದು ಈಕ್ವೆಡಾರ್ ರಾಯಭಾರ ಕಚೇರಿ.

ಅಮೆರಿಕ ವಿಕಿಲೀಕ್ಸ್ ಬೆನ್ನು ಬಿಡಬೇಕು ಎಂದು ಅವರು ಅವತ್ತು ಕೇಳಿದರು. ಸ್ವೀಡನ್‌ನ ಇಬ್ಬರು ಮಹಿಳೆಯರು ಮಾಡಿದ್ದ ಆರೋಪದ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಕಾಡುವುದು ಆ ಆಡದ ಮಾತು.

ಸ್ವಲ್ಪ ಹಿಂದೆ ಹೋಗೋಣ. 2010ರ ಆಗಸ್ಟ್‌ನಲ್ಲಿ ಆ ಇಬ್ಬರೂ ಸ್ವೀಡನ್ ಪೊಲೀಸರ ಬಳಿ ಹೋದರು. ಒಬ್ಬರ ವಿಷಯದಲ್ಲಿ ಅತ್ಯಾಚಾರದ ಆರೋಪ, ಇನ್ನೊಬ್ಬರ ವಿಷಯದಲ್ಲಿ ಲೈಂಗಿಕ ಕಿರುಕುಳ ಮತ್ತು ಬಲವಂತದ ಆರೋಪ. ಅಸ್ಸಾಂಜ್ ಎಲ್ಲವನ್ನೂ ನಿರಾಕರಿಸಿದರು. ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಬಂಧನ, ಆಮೇಲೆ ಜಾಮೀನು. ಕೇಸು ಕೋರ್ಟಿಂದ ಕೋರ್ಟಿಗೆ ಹೋಯಿತು. 2012ರ ಮೇ 30ರಂದು ಬ್ರಿಟನ್ ಸುಪ್ರೀಂ ಕೋರ್ಟ್ 5-2ರ ಬಹುಮತದಿಂದ ಅವರನ್ನು ಸ್ವೀಡನ್‌ಗೆ ಒಪ್ಪಿಸಬಹುದು ಎಂದಿತು. ಜೂನ್ 19ಕ್ಕೆ ಅವರು ಈಕ್ವೆಡಾರ್ ಕಚೇರಿ ಹೊಕ್ಕರು. ಆಗಸ್ಟ್ 16ಕ್ಕೆ ಆಶ್ರಯ ಸಿಕ್ಕಿತು.

ಇಲ್ಲೇ ಬಹಳ ಜನ ಎಡವುತ್ತಾರೆ. ಈಕ್ವೆಡಾರ್ ಆಶ್ರಯ ಕೊಟ್ಟಿದ್ದು ಸ್ವೀಡನ್‌ನ ಆರೋಪದಿಂದ ಕಾಪಾಡಲು ಅಲ್ಲ, ಕನಿಷ್ಠ ಕಾಗದದ ಮೇಲೆ ಅಲ್ಲ. ಸ್ವೀಡನ್‌ಗೆ ಹೋದರೆ ಅಲ್ಲಿಂದ ಅಮೆರಿಕಕ್ಕೆ ಕಳಿಸುತ್ತಾರೆ, ಅಲ್ಲಿ ರಾಜಕೀಯ ಕಾರಣಕ್ಕೆ ಶಿಕ್ಷೆ ಆಗುತ್ತದೆ ಎಂಬ ಭಯಕ್ಕೆ. ಹೀಗೆ ರಾಯಭಾರ ಕಚೇರಿಯೊಳಗೇ ಆಶ್ರಯ ಕೊಡುವುದು ಲ್ಯಾಟಿನ್ ಅಮೆರಿಕದ ಹಳೇ ಪದ್ಧತಿ. ಪೆರುವಿನ ನಾಯಕ ಆಯಾ ದೆ ಲಾ ತೊರ್ರೆ 1949ರಿಂದ 1954ರವರೆಗೆ ಲೀಮಾದ ಕೊಲಂಬಿಯಾ ಕಚೇರಿಯಲ್ಲೇ ಇದ್ದರು. ಆ 1954ರಲ್ಲೇ ಇಂಥ ಆಶ್ರಯದ ನಿಯಮಗಳ ಬಗ್ಗೆ ಲ್ಯಾಟಿನ್ ಅಮೆರಿಕದ ದೇಶಗಳ ನಡುವೆ ಕರಾಕಾಸ್ ಒಪ್ಪಂದ ಆಯಿತು. ಬ್ರಿಟನ್ ಮಾತ್ರ ಈ ಪದ್ಧತಿಯನ್ನು ಒಪ್ಪುವುದಿಲ್ಲ.

ಕರಾಕಾಸ್ ಒಪ್ಪಂದದ ಒಂದು ಸಾಲು ಮುಖ್ಯ. ಸಾಮಾನ್ಯ ಅಪರಾಧಕ್ಕೆ ಚಾರ್ಜ್‌ಶೀಟ್ ಆದವರಿಗೆ, ವಿಚಾರಣೆ ನಡೆಯುತ್ತಿರುವವರಿಗೆ ಆಶ್ರಯ ಕೊಡುವಂತಿಲ್ಲ. ಅಸ್ಸಾಂಜ್ ಮೇಲೆ ಚಾರ್ಜ್‌ಶೀಟ್ ಆಗಿರಲಿಲ್ಲ, ಅಲ್ವಾ? ಬೆಂಬಲಿಗರು ಪದೇ ಪದೇ ಹೇಳಿದ್ದು ಇದನ್ನೇ. ಆದರೆ ಸ್ವೀಡನ್‌ನಲ್ಲಿ ಚಾರ್ಜ್‌ಶೀಟ್ ಬರುವುದು ತನಿಖೆಯ ಕೊನೆಗೆ, ಆರೋಪಿಯನ್ನು ಪೂರ್ತಿ ವಿಚಾರಿಸಿದ ಮೇಲೆ. ವಿಚಾರಣೆಗೆ ಸಿಗದವರ ಮೇಲೆ ಚಾರ್ಜ್‌ಶೀಟ್ ಇಲ್ಲ ಎನ್ನುವುದು ಅವರು ನಿರಪರಾಧಿ ಎಂದೂ ಹೇಳುವುದಿಲ್ಲ, ಅಪರಾಧಿ ಎಂದೂ ಹೇಳುವುದಿಲ್ಲ.

[ದೃಶ್ಯ: 2012ರ ಸುದ್ದಿ ತುಣುಕುಗಳು]

ಆ ದಿನಗಳ ಚರ್ಚೆ ಕೇಳಿದರೆ ಈಗಲೂ ಬೇಜಾರಾಗುತ್ತದೆ. ಬ್ರಿಟಿಷ್ ಸಂಸದ ಜಾರ್ಜ್ ಗ್ಯಾಲೋವೇ ಇದು ಹಾಸಿಗೆಯಲ್ಲಿನ ಕೆಟ್ಟ ನಡತೆ ಇರಬಹುದು, ಅತ್ಯಾಚಾರ ಅಲ್ಲ ಎಂಬಂತೆ ಮಾತಾಡಿದರು. ಅವರದೇ ಪಕ್ಷದ ನಾಯಕಿ ಸಲ್ಮಾ ಯಾಕೂಬ್ ಅದನ್ನು ಬಹಿರಂಗವಾಗಿ ಖಂಡಿಸಿದರು. ಗ್ಯಾಲೋವೇ ಹೀಗೆ ಹೇಳುವ ಹೊತ್ತಿಗೆ ಲಂಡನ್ ಹೈಕೋರ್ಟ್ ಇದೇ ಪ್ರಶ್ನೆಗೆ 2011ರಲ್ಲೇ ಉತ್ತರ ಕೊಟ್ಟಾಗಿತ್ತು. ಕಾಂಡೋಮ್ ಇದ್ದರೆ ಮಾತ್ರ ಎಂದು ಒಪ್ಪಿದವರ ಜೊತೆ ಅದಿಲ್ಲದೆ ಮುಂದುವರಿದರೆ, ನಿದ್ದೆಯಲ್ಲಿರುವವರ ಜೊತೆ ಸಂಭೋಗ ಮಾಡಿದರೆ, ಇಂಗ್ಲೆಂಡಿನಲ್ಲೂ ಅದು ಅಪರಾಧವೇ ಎಂದಿತ್ತು. ಹಾಗೆ ನಡೆಯಿತು ಎಂದು ಕೋರ್ಟ್ ಹೇಳಲಿಲ್ಲ. ನಡೆದಿದ್ದರೆ ಅಪರಾಧ ಎಂದಿತು. ನಿದ್ದೆಯಲ್ಲಿ ಇದ್ದವರು ಹೂಂ ಅನ್ನಲು ಆಗಲ್ಲ. ಇದು ಅಮೆರಿಕಕ್ಕೂ ವಿಕಿಲೀಕ್ಸ್‌ಗೂ ಸಂಬಂಧವೇ ಇಲ್ಲದ ಮಾತು.

ಇನ್ನೊಂದು ಕಡೆಯವರನ್ನೂ ನಾನು ಸುಮ್ನೆ ಬಿಡುವುದಿಲ್ಲ. ಅಮೆರಿಕದ ಭಯ ಬರೀ ನೆಪ ಎಂದು ಎಷ್ಟು ಜನ ನಕ್ಕರು! 2019ರಲ್ಲಿ ಅಮೆರಿಕ 18 ಆರೋಪ ಹೊರಿಸಿತು, ಅದರಲ್ಲಿ 17 ಬೇಹುಗಾರಿಕೆ ಕಾಯ್ದೆಯಡಿ. ಭಯ ನಿಜವೇ ಆಗಿತ್ತು.

ಹಾಗಾದರೆ ಈ ಎರಡು ಗಂಟುಗಳನ್ನು ಬೇರೆ ಬೇರೆ ಬಿಡಿಸಲು ದಾರಿ ಇರಲಿಲ್ಲವೇ? ಇತ್ತು ಎಂದೇ ನನ್ನ ನಂಬಿಕೆ. ಅಮೆರಿಕಕ್ಕೆ ಕಳಿಸುವುದಿಲ್ಲ ಎಂದು ಬರೆದುಕೊಡಿ ಎಂದು ಈಕ್ವೆಡಾರ್ ಕೇಳಿತ್ತು. ಸ್ವೀಡನ್ ಕೊಡಲಿಲ್ಲ. ಅಮೆರಿಕದಿಂದ ಮನವಿಯೇ ಬಂದಿಲ್ಲ, ಬಂದರೆ ಕಾನೂನಿನ ಪ್ರಕಾರ ನೋಡಬೇಕು, ಮೊದಲೇ ಮಾತು ಕೊಡಲಾಗದು ಎಂದಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಾದ ಉತ್ತರವೇ. ಆದರೂ ಮುಂದೆ ಇದೇ ಅಸ್ಸಾಂಜ್ ಕೇಸಿನಲ್ಲಿ ಅಮೆರಿಕವೇ ಬ್ರಿಟನ್‌ಗೆ ಜೈಲಿನ ಸ್ಥಿತಿಗತಿ ಬಗ್ಗೆ, ಮರಣದಂಡನೆ ಇಲ್ಲ ಎಂಬುದರ ಬಗ್ಗೆ ಲಿಖಿತ ಭರವಸೆ ಕೊಟ್ಟಿತು. ದೇಶಗಳು ಮನಸ್ಸು ಮಾಡಿದರೆ ಕಾಗದ ತಯಾರಾಗುತ್ತದೆ.

ಸ್ವೀಡನ್‌ನ ಪ್ರಾಸಿಕ್ಯೂಟರ್‌ಗಳು ಈಕ್ವೆಡಾರ್ ಕಚೇರಿಗೇ ಹೋಗಿ ಅಸ್ಸಾಂಜ್‌ಗೆ ಪ್ರಶ್ನೆ ಕೇಳಬಹುದಿತ್ತು. 2014ರಲ್ಲಿ ಸ್ವೀಡನ್‌ನ ಮೇಲ್ಮನವಿ ನ್ಯಾಯಾಲಯವೇ ಪ್ರಾಸಿಕ್ಯೂಟರ್‌ಗಳು ತನಿಖೆ ಮುಂದೆ ಒಯ್ಯಲಿಲ್ಲ ಎಂದು ಟೀಕಿಸಿತು. ಕೊನೆಗೆ ಪ್ರಶ್ನೆ ಕೇಳಿದ್ದು 2016ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಒಬ್ಬ ಮಹಿಳೆಗೆ ಸಂಬಂಧಿಸಿದ ಆರೋಪಗಳ ಕಾಲಮಿತಿ 2015ರ ಆಗಸ್ಟ್‌ನಲ್ಲೇ ಮುಗಿದುಹೋಗಿತ್ತು. ಯಾರೂ ತೀರ್ಪು ಹೇಳಲಿಲ್ಲ. ಕ್ಯಾಲೆಂಡರ್ ಹೇಳಿತು.

[ದೃಶ್ಯ: 2019ರ ಏಪ್ರಿಲ್ 11. ಬಿಳಿ ಗಡ್ಡದ ಅಸ್ಸಾಂಜ್‌ರನ್ನು ಪೊಲೀಸರು ಎತ್ತಿಕೊಂಡು ಹೊರಗೆ ತರುತ್ತಿದ್ದಾರೆ.]

ಈಕ್ವೆಡಾರ್ ಆಶ್ರಯ ಹಿಂದಕ್ಕೆ ತೆಗೆದುಕೊಂಡ ದಿನ ಇದು. ಸುಮಾರು ಏಳು ವರ್ಷ ಕಳೆದಿತ್ತು. ಅದರ ಬೆನ್ನಿಗೇ 70ಕ್ಕೂ ಹೆಚ್ಚು ಬ್ರಿಟಿಷ್ ಸಂಸದರು ಗೃಹ ಸಚಿವರಿಗೆ ಪತ್ರ ಬರೆದರು: ಸ್ವೀಡನ್ ಕೇಳಿದರೆ ಅದಕ್ಕೇ ಮೊದಲ ಆದ್ಯತೆ ಕೊಡಿ. 2017ರಲ್ಲಿ ಕೈಬಿಟ್ಟಿದ್ದ ಅತ್ಯಾಚಾರದ ತನಿಖೆಯನ್ನು ಸ್ವೀಡನ್ ಮತ್ತೆ ತೆರೆಯಿತು.

ಅದೇ ವರ್ಷದ ನವೆಂಬರ್ 19ರಂದು ಪ್ರಾಸಿಕ್ಯೂಟರ್ ಇವಾ-ಮರೀ ಪರ್ಸನ್ ಕಡತ ಮುಚ್ಚಿದರು. ದೂರುದಾರರ ಹೇಳಿಕೆ ನಂಬುವಂಥದ್ದು ಎಂದೇ ಅವರು ಹೇಳಿದರು. ಆದರೆ ಘಟನೆ ನಡೆದು ಒಂಬತ್ತು ವರ್ಷಕ್ಕೂ ಜಾಸ್ತಿ ಆಗಿತ್ತು, ಸಾಕ್ಷಿಗಳ ನೆನಪು ಮಸುಕಾಗಿತ್ತು.

2024ರ ಜೂನ್‌ನಲ್ಲಿ ಅಸ್ಸಾಂಜ್ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡು ಒಂದು ಆರೋಪ ಒಪ್ಪಿಕೊಂಡರು, ಆಸ್ಟ್ರೇಲಿಯಾಕ್ಕೆ ಮರಳಿದರು. ಅಮೆರಿಕದ ಕೇಸಿಗೆ ಅಂತೂ ಒಬ್ಬ ನ್ಯಾಯಾಧೀಶರ ಮುಂದೆ ಒಂದು ಕೊನೆ ಸಿಕ್ಕಿತು. ಆ ಇಬ್ಬರು ಮಹಿಳೆಯರು ಹೇಳಿದ್ದನ್ನು ವಿಚಾರಣೆಯಲ್ಲಿ ಕೂತು ಕೇಳಿದ ನ್ಯಾಯಾಧೀಶರು ಒಬ್ಬರೂ ಇಲ್ಲ. ಆರೋಪ ನಿರಾಕರಿಸಿದ ಅಸ್ಸಾಂಜ್‌ಗೂ ಅಲ್ಲಿ ಹೆಸರು ತೊಳೆದುಕೊಳ್ಳುವ ಅವಕಾಶ ಸಿಗಲಿಲ್ಲ.