ಮೂಲೆ ಸೇರಿದ ಯೆಜ್ಡಿಯ ಕಾರ್ಬುರೇಟರ್

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿಂದ ಬಂದ ಯೆಜ್ಡಿ ಬೈಕುಗಳು ಮಾತ್ರ ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿವೆ. ಆರು ತಿಂಗಳು ನಿಂತ ಗಾಡಿಗೆ ಕಿಕ್ ಹೊಡೆದರೆ ಚೋಕ್ ಇರುವಷ್ಟು ಹೊತ್ತು ಓಡುತ್ತದೆ, ಚೋಕ್ ತೆಗೆದ ಕೂಡಲೇ ಆಫ್. ತಪ್ಪು ಹೆಚ್ಚಾಗಿ ಪೈಲಟ್ ಜೆಟ್ಟಿನದು, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನೊಳಗೆ, ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಕೊಡುವ ಸಣ್ಣ ತೂತಿನ ತಿರುಪಿನದು. ಈ ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸುತ್ತೇವಲ್ಲ, ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಆಯಿಲ್ ತಳದಲ್ಲಿ ಉಳಿದು ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತದೆ.

ಹಲವು ಯೆಜ್ಡಿಗಳಲ್ಲಿ ಈಗಿರುವುದು ಮಿಕ್‌ಕಾರ್ಬ್ ಹೆಸರಿನ ಕಾರ್ಬುರೇಟರ್. ನನ್ನ ಮಾತೂ ಅದರದ್ದೇ. ಗಾಳಿ ಆಡುವ ಕಡೆ ಕೂತು, ಪೆಟ್ರೋಲ್ ಕಾಕ್ ಮುಚ್ಚಿ, ಪೈಪ್ ಕಳಚಿ. ಮೇಲಿನ ಮುಚ್ಚಳ ತಿರುಗಿಸಿದರೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡೂ ಅದರ ಸೂಜಿ, ಅಂದರೆ ನೀಡಲೂ ಆಕ್ಸಿಲರೇಟರ್ ಕೇಬಲ್ಲಿನ ಜೊತೆಗೇ ಹೊರಬರುತ್ತವೆ. ಬಟ್ಟೆ ಸುತ್ತಿ ಹಾಗೇ ಬಿಡಿ. ತಳದಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ಬಿಚ್ಚಿದರೆ ನಡುವೆ ಮೇನ್ ಜೆಟ್, ಪಕ್ಕದ ಕುಳಿಯ ಆಳದಲ್ಲಿ ಪೈಲಟ್ ಜೆಟ್. ಅದು ಮೆದು ಹಿತ್ತಾಳೆ. ಸ್ಕ್ರೂಡ್ರೈವರ್ ತುದಿ ಸೀಳಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸೀಳು ಸವೆದು ಜೆಟ್ ಅಲ್ಲೇ ಉಳಿಯುತ್ತದೆ.

ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಸಣ್ಣ, ದುಂಡನೆಯ ತೂತು ಕಾಣಬೇಕು. ಕಾಣದಿದ್ದರೆ ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಊದಿಸಿ. ಸ್ಟೀಲ್ ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಅಳತೆಯೇ ಕೆಡುತ್ತದೆ. ಬೇಕೇ ಬೇಕೆಂದರೆ ಬ್ರಷ್ಷಿನ ಒಂದು ನೈಲಾನ್ ಎಳೆ ಸಾಕು. ಬಾಡಿಯ ಒಳದಾರಿಗಳಿಗೂ ಗಾಳಿ ಹೊಡೆಯಿರಿ, ಆದರೆ ಫ್ಲೋಟ್, ರಬ್ಬರ್ ಭಾಗಗಳನ್ನು ಮೊದಲೇ ತೆಗೆದಿಡಿ.

ಜೋಡಿಸುವಾಗ ಸ್ಲೈಡಿನ ಕೆತ್ತಿದ ಬದಿ ಏರ್ ಫಿಲ್ಟರ್ ಕಡೆಗಿರಲಿ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ಒಳಗೆ 'ಟಕ್' ಎಂದು ಕೇಳಬೇಕು. ಕೇಳಿಸಲಿಲ್ಲವೋ, ಕಿಕ್ ಹೊಡೆಯಬೇಡಿ. ಸ್ಲೈಡ್ ಮೇಲೇ ಸಿಕ್ಕಿದ್ದರೆ ಇಂಜಿನ್ ಒಮ್ಮೆಲೇ ಕಿರುಚಿಕೊಂಡು ಏರುತ್ತದೆ.

ಇನ್ನು ಟ್ಯೂನಿಂಗ್. ಬದಿಯಲ್ಲಿ ಸ್ಲೈಡನ್ನು ಎತ್ತುವ ದೊಡ್ಡ ಸ್ಕ್ರೂ ಐಡ್ಲಿಂಗಿನದು, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಓಟದ್ದು, ಫಿಲ್ಟರ್ ಕಡೆಗಿನ ಸಣ್ಣದು ಏರ್ ಸ್ಕ್ರೂ. ಏರ್ ಸ್ಕ್ರೂವನ್ನು ಮೆಲ್ಲಗೆ ಕೊನೆ ಮುಟ್ಟಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. 5 ನಿಮಿಷ ಓಡಿಸಿ ಇಂಜಿನ್ ಬಿಸಿಯಾಗಲಿ. ಆಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ ಹೋಗಿ, ಪ್ರತಿ ಸಲ ತುಸು ಕಾದು ಕಿವಿಗೊಡಿ. ಐಡ್ಲಿಂಗ್ ಎಲ್ಲಿ ಅತಿ ಚುರುಕೋ ಅಲ್ಲಿ ನಿಲ್ಲಿಸಿ, ದೊಡ್ಡ ಸ್ಕ್ರೂನಿಂದ ಇಳಿಸಿಕೊಳ್ಳಿ. ಏರ್ ಸ್ಕ್ರೂ ಪೂರ್ತಿ ಒಳಗೆ ಹೋದಾಗ ಮಾತ್ರ ಚೆನ್ನಾಗಿ ಓಡುತ್ತಿದೆಯೇ? ಜೆಟ್ ಇನ್ನೂ ಕಟ್ಟಿಕೊಂಡಿದೆ, ಇಲ್ಲವೇ ಇಂಜಿನ್ ಕಡೆಯ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಎಳೆಯುತ್ತಿದೆ. ಸ್ಕ್ರೂ ತಿರುಗಿಸಿ ಅದನ್ನು ಮುಚ್ಚಿಹಾಕಬೇಡಿ.

ನಾಲ್ಕೈದು ಕಿಲೋಮೀಟರ್ ಓಡಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣವಾದರೆ ಸರಿ. ಒದ್ದೆ ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು. ಹೊಗೆ, ಮಿಸ್ಸಿಂಗ್, ಅಷ್ಟೇ. ಬೆಳ್ಳಗಿದ್ದರೆ ಮಾತ್ರ ಗಾಡಿಯನ್ನು ಅಲ್ಲೇ ನಿಲ್ಲಿಸಿ: ಪೆಟ್ರೋಲ್ ಕಡಿಮೆಯಾದಷ್ಟೂ ಅದರೊಂದಿಗೆ ಹೋಗುವ ಆಯಿಲೂ ಕಡಿಮೆ, ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಸೀಜ್ ಆಗುವುದು ಆಗಲೇ.