ನಮ್ಮ ಮನೆಯ ಬಣ್ಣದ ವೇಷ

ಬೆಳಿಗ್ಗೆ ಆರೂವರೆ. ಮಂಗಳೂರಿನ ಕದ್ರಿ. ಹೊರಗೆ ಜಡಿಮಳೆ. ಈ ಕೊಂಬೆಯ ತುದಿಯಲ್ಲಿರುವುದು ಎಲೆ ಅಂದುಕೊಂಡ್ರಾ? ಸ್ವಲ್ಪ ಹತ್ತಿರ ಹೋಗುವ. ಬಾಲ ಚಕ್ಕುಲಿ ತರ ಸುತ್ತಿಕೊಂಡಿದೆ. ಮೈಬಣ್ಣ ತಿಳಿಯಾಗಿದೆ, ನಿದ್ದೆಯಲ್ಲಿ ಅವನು ಹೀಗೇ. ಲೈಟ್ ಹಾಕಿದೆ. ಒಂದು ಕಣ್ಣು ತೆರೆಯಿತು, ನನ್ನನ್ನು ನೋಡಿತು. ಇನ್ನೊಂದು ತೆರೆದು ಗೋಡೆ ನೋಡಿತು. ಎರಡೂ ಕಣ್ಣು ಬೇರೆ ಬೇರೆ ಕಡೆ ತಿರುಗುತ್ತವೆ. ನನ್ನನ್ನು ನೋಡಿದ ಕಣ್ಣಿನಲ್ಲಿ ಖುಷಿ ಏನೂ ಇಲ್ಲ, ಗೊತ್ತಾಯ್ತಲ್ವಾ?

ಇವನು ಪಚ್ಚೆ. ಜಾತಿ ವೇಲ್ಡ್ ಕೆಮೀಲಿಯನ್, ಅಂದರೆ ಒಂದು ಬಗೆಯ ಗೋಸುಂಬೆ. ತಲೆಯ ಮೇಲೆ ಆ ಎತ್ತರದ ಕಿರೀಟ ನೋಡಿ, ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿ ಕೂತ ಹಾಗೆ. ಇವನ ಮೂಲ ಯೆಮೆನ್ ಮತ್ತು ಸೌದಿಯ ನೈಋತ್ಯ ಭಾಗ. ಪಣಂಬೂರು ಬೀಚಿನಲ್ಲಿ ನಿಂತು ಪಶ್ಚಿಮಕ್ಕೆ ಕೈ ತೋರಿಸಿದರೆ ಸಮುದ್ರದ ಆಚೆ ದಡ ಅದೇ. ಯೆಮೆನಿನ ಏಡನ್ ಬಂದರು, ನಮ್ಮ ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶ. ಗೆಳೆಯನೊಬ್ಬ ಕೆಲಸಕ್ಕೆಂದು ದುಬೈಗೆ ಹೋಗುವಾಗ ಇವನನ್ನು ನನಗೆ ಕೊಟ್ಟ. ನಮ್ಮವನು ಅರಬ್ ದೇಶಕ್ಕೆ ಹೋದ, ಅಲ್ಲಿಯವನು ನಮ್ಮಲ್ಲಿ ಉಳಿದ.

ಅಮ್ಮ ಮೊದಲ ದಿನ ನೋಡಿ ಕೇಳಿದ್ದು ಇಷ್ಟೇ. "ಎಂತದು ಮಾರಾಯ ಇದು? ಬೇಲಿ ಮೇಲೆ ಇರುವ ಓತಿಯನ್ನು ಒಳಗೆ ತಂದು, ಅದಕ್ಕೆ ಕರೆಂಟ್ ಬಿಲ್ ಬೇರೆ ಕಟ್ಟುವುದಾ?"

ಬೇಲಿ ಮೇಲೆ ತಲೆ ಆಡಿಸುವ ಓತಿ ಬೇರೆ. ಅದೂ ಬಣ್ಣ ಬದಲಿಸುತ್ತದೆ, ಆದರೆ ಅದು ಗೋಸುಂಬೆ ಅಲ್ಲ. ನಮ್ಮ ದೇಶದ ಗೋಸುಂಬೆಯೂ ಉಂಟು. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ತೋಟದಲ್ಲಿ ಕಂಡಿತು ಅಂತ ಹಿಡಿದು ಸಾಕಿದರೆ ಅಪರಾಧ. ಪಚ್ಚೆಯಂಥ ಹೊರದೇಶದವಕ್ಕೂ 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಬೇಕು. ಇವನ ಕಾಗದಪತ್ರ ನನ್ನ ಹೆಸರಿಗೆ ಮಾಡಿಸಿದ ಮೇಲೆಯೇ ಕ್ಯಾಮೆರಾ ಹಿಡಿದದ್ದು.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಅಕ್ಷಾಂಶ ಒಂದೇ ಆದರೆ ಹವೆ ಒಂದೇ ಆಗಬೇಕಲ್ಲ! ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜುಲೈಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಇವನಿಗೆ ರಾತ್ರಿ ತೇವ ಇದ್ದರೂ ಹಗಲು ಮೈ ಒಣಗಬೇಕು, ಗಾಳಿ ಆಡಬೇಕು. ನಾನು ಏನು ಮಾಡಿದೆ? ಇರಿಚಲು ಹೊಡೆಯುತ್ತದೆ ಅಂತ ಕಿಟಕಿ ಮುಚ್ಚಿದೆ. ಫ್ಯಾನ್ ತಾಗಿ ಶೀತ ಆದೀತು ಅಂತ ಅದನ್ನೂ ಆಫ್ ಮಾಡಿದೆ. ವಾರ ಕಳೆದ ಮೇಲೆ ಅವನು ತಲೆ ಮೇಲಕ್ಕೆತ್ತಿ ಬಾಯಿ ತೆರೆದು ಕೂರಲು ಶುರು ಮಾಡಿದ. ಬಾಯಿ ತೆರೆದಿದ್ದಾನೆ ಅಂದರೆ ಸೆಕೆ ಆಗಿರಬೇಕು ಅಂದುಕೊಂಡೆ. ಇನ್ನಷ್ಟು ನೀರು ಸಿಂಪಡಿಸಿದೆ.

ಸೆಕೆ ಅಲ್ಲ, ಶ್ವಾಸಕೋಶದ ಸೋಂಕು. ಉಸಿರಾಡುವಾಗ ಟಕ್ ಟಕ್ ಅಂತ ಸದ್ದು, ಬಾಯಂಚಿನಲ್ಲಿ ನೊರೆ. ನಾಯಿ, ಬೆಕ್ಕು ನೋಡುವ ಡಾಕ್ಟರು ಬೇಕಾದಷ್ಟು ಸಿಗುತ್ತಾರೆ. ಇವನನ್ನು ನೋಡುವವರು ಸಿಗಲು ನಾಲ್ಕೈದು ಕಡೆ ಫೋನ್ ಮಾಡಬೇಕಾಯಿತು. ಒಬ್ಬರು "ಹಲ್ಲಿಯಾ?" ಅಂತ ನಕ್ಕರು. ಕೊನೆಗೆ ಸಿಕ್ಕ ಡಾಕ್ಟರು ನಗಲಿಲ್ಲ, ಬೈದರು. ಆಂಟಿಬಯೋಟಿಕ್ ಇಂಜೆಕ್ಷನ್ ಕೋರ್ಸ್ ಮುಗಿಯುವಷ್ಟು ದಿನ ನಾನು ಆ ರೂಮಿನಲ್ಲೇ ಚಾಪೆ ಹಾಕಿ ಮಲಗಿದೆ. ಅದರಿಂದ ಅವನಿಗೇನೂ ಉಪಯೋಗ ಇರಲಿಲ್ಲ, ಸುಮ್ನೆ.

ಈಗ ನೋಡಿ. ಗೂಡಿಗೆ ನಾಲ್ಕೂ ಕಡೆ ಬಲೆ, ಗಾಜಿಲ್ಲ. ಫ್ಯಾನ್ ಅವನ ಮೈಗೆ ನೇರ ಬಡಿಯದ ಹಾಗೆ ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ. ಇವನು ಬಟ್ಟಲಿನ ನೀರು ಕುಡಿಯುವುದಿಲ್ಲ, ಅದು ನೀರು ಅಂತಲೇ ಅವನಿಗೆ ಗೊತ್ತಾಗುವುದಿಲ್ಲ. ಎಲೆಯ ಮೇಲೆ ಹನಿ ಮಿನುಗಬೇಕು. ಅದಕ್ಕೆ ಮೆಡಿಕಲ್‌ನಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ಪಿನ ಪೈಪ್ ತಂದು ಬಾಟಲಿಗೆ ಸಿಕ್ಕಿಸಿದ್ದೇನೆ. ನೀರು ಸಾಕಾಯಿತೋ ಇಲ್ಲವೋ ಅನ್ನುವುದು ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ. ಅದರ ಜೊತೆ ಬರುವ ಗಟ್ಟಿ ಮೂತ್ರ ಬೆಳ್ಳಗಿದ್ದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಕಡಿಮೆ ಆಗಿದೆ ಅಂತ. ತಿಂಡಿ ತಿನ್ನುತ್ತಾ ನೋಡುತ್ತಿರುವವರು ಕ್ಷಮಿಸಿ.

ಮೇಲಿನ ಈ ಉದ್ದ ಟ್ಯೂಬ್ ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಕೊಡುವಂಥದ್ದು. ಕಿಟಕಿಯಿಂದ ಬಿಸಿಲು ಬರುತ್ತದಲ್ಲ ಅಂತ ಕೇಳ್ತೀರಿ. ಗಾಜು ಯುವಿಬಿಯನ್ನು ತಡೆಯುತ್ತದೆ. ಯುವಿಬಿ ಇಲ್ಲದಿದ್ದರೆ ವಿಟಮಿನ್ ಡಿ ಇಲ್ಲ, ಆಗ ಕ್ಯಾಲ್ಸಿಯಂ ಕೊಟ್ಟರೂ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ. ಬಿಸಿ ಕೊಡುವ ಬಲ್ಬ್ ಬೇರೆ. ಅದನ್ನು ಏಪ್ರಿಲ್, ಮೇಯಲ್ಲಿ ನಾನು ಹಾಕುವುದೇ ಇಲ್ಲ. ಮಂಗಳೂರಿನ ಸೆಕೆಯೇ ಸಾಕು.

ಊಟಕ್ಕೆ ಕ್ರಿಕೆಟ್. ಆಟ ಅಲ್ಲ, ರಾತ್ರಿ ಕಿರ್ರ್ ಅನ್ನುವ ಹುಳ. ಡಬ್ಬಿಯಲ್ಲಿ ಸಾಕುತ್ತೇನೆ, ಅವಕ್ಕೆ ಕ್ಯಾರೆಟ್, ಸೊಪ್ಪು. ಸತ್ತ ಹುಳವನ್ನು ಪಚ್ಚೆ ಮೂಸಿಯೂ ನೋಡುವುದಿಲ್ಲ, ಅದು ನಡೆದಾಡಬೇಕು. ಈ ಶಾಟ್ ನಿಧಾನ ಮಾಡಿ ಹಾಕಿದ್ದೇನೆ. ನಾಲಿಗೆ ಮೈಯ ಒಂದೂವರೆ ಪಟ್ಟು ಉದ್ದ. ಮಾಮೂಲಿ ವೇಗದಲ್ಲಿ ತೋರಿಸಿದರೆ ಹುಳ ಮಾಯವಾದದ್ದು ಮಾತ್ರ ಕಾಣುತ್ತದೆ. ನಾಲ್ಕು ಹುಳ ತಪ್ಪಿಸಿಕೊಂಡು ಫ್ರಿಜ್ಜಿನ ಹಿಂದೆ ಸೇರಿ ಒಂದು ವಾರ ಹಾಡಿದ್ದನ್ನು ಅಮ್ಮ ಇವತ್ತಿಗೂ ಮರೆತಿಲ್ಲ.

ಎಲ್ಲರೂ ಕೇಳುವುದು ಬಣ್ಣದ ಬಗ್ಗೆ. ಕೆಂಪು ಟವೆಲ್ ಮೇಲೆ ಇಟ್ಟರೆ ಕೆಂಪಾಗ್ತಾನಾ? ಇಲ್ಲ. ಚಳಿ, ಸೆಕೆ, ಹೆದರಿಕೆ, ಸಿಟ್ಟು, ಇವಕ್ಕೆ ಬಣ್ಣ ಬದಲಾಗುತ್ತದೆ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಅನ್ನುವ ವಸ್ತುವಿನ ಸಣ್ಣ ಹರಳುಗಳಿರುತ್ತವೆ. ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆ ಆದ ಹಾಗೆ ತಿರುಗಿ ಬರುವ ಬೆಳಕು ಬದಲಾಗುತ್ತದೆ ಅಂತ 2015ರಲ್ಲಿ ಜಿನೀವಾದ ಸಂಶೋಧಕರು ಪ್ಯಾಂಥರ್ ಕೆಮೀಲಿಯನ್‌ಗಳಲ್ಲಿ ತೋರಿಸಿದರು. ಪಕ್ಷ ಬದಲಿಸುವವರನ್ನು ನಾವು ಗೋಸುಂಬೆ ಅಂತ ಬೈಯುತ್ತೇವೆ. ಪಾಪ, ಇವನಿಗೆ ಮನಸ್ಸಿನಲ್ಲಿರುವುದನ್ನು ಮುಚ್ಚಿಡಲಿಕ್ಕೇ ಬರುವುದಿಲ್ಲ. ನಾನು ಕೈ ಹಾಕಿದರೆ ಮೈ ಚಪ್ಪಟೆ ಮಾಡಿ, ಪಟ್ಟೆಗಳು ಕಪ್ಪಾಗಿ, ಹಿಸ್ ಅಂತಾನೆ. ಅದಕ್ಕೇ ಮುಟ್ಟುವುದನ್ನು ಬಿಟ್ಟಿದ್ದೇನೆ. ಭುಜದ ಮೇಲೆ ಕೂರಿಸಿ ರೀಲ್ ಮಾಡಿ ಅಂತ ತುಂಬಾ ಜನ ಕೇಳ್ತೀರಿ. ಮಾಡುವುದಿಲ್ಲ.

ಒಬ್ಬರ ಹತ್ತಿರ ಮಾತ್ರ ಅವನು ತಾನಾಗಿ ಬರುತ್ತಾನೆ. ವೇಲ್ಡ್ ಜಾತಿಯವು ಹುಳದ ಜೊತೆ ಎಲೆ, ಹೂವನ್ನೂ ತಿನ್ನುತ್ತವೆ. ದಾಸವಾಳ ಅಂದರೆ ಪ್ರಾಣ. ನಮ್ಮ ಅಂಗಳದ ಗಿಡಕ್ಕೆ ಮದ್ದು ಹೊಡೆಯುವುದಿಲ್ಲ, ಹಾಗಾಗಿ ಹೆದರಿಕೆ ಇಲ್ಲ. ಮೊದಮೊದಲು ದೇವರ ಹೂವಿಗೆ ಕೈ ಹಾಕಬೇಡ ಅಂತ ಅಮ್ಮ ಜಗಳ ಮಾಡಿದ್ದರು. ಈಗ ಕೊಯ್ಯುವಾಗಲೇ ಒಂದು ಹೂವು ಬದಿಗೆ ಇಡುತ್ತಾರೆ.

ಇಗೋ, ಬಂದರು. ಗೂಡಿನ ಬಾಗಿಲು ತೆರೆದು ಕೆಂಪು ಹೂವು ಹಿಡಿದು ನಿಂತಿದ್ದಾರೆ. ಅವನು ಹೊರಟ. ಒಂದು ಹೆಜ್ಜೆ ಮುಂದೆ, ಹಿಂದೆ ಮುಂದೆ ತೂಗಾಟ, ಯೋಚನೆ, ಇನ್ನೊಂದು ಹೆಜ್ಜೆ.

"ಬೇಗ ತೆಕ್ಕೊ ಮಗಾ, ಕಾವಲಿಯಲ್ಲಿ ದೋಸೆ ಉಂಟು."

ಮಗಾ ಅಂದದ್ದು ನನಗಲ್ಲ. ಹೂವಿನ ಹತ್ತಿರ ತಲುಪಲು ಅವನಿಗೆ ಎರಡು ನಿಮಿಷ ಬೇಕಾಯಿತು. ದೋಸೆ ಕರಟಿ ಹೋಯಿತು.